ಸಂಬಳವಿಲ್ಲದ ರಾತ್ರಿಪಾಳಿ

ಊರಿಗೆ ಹೋದಾಗ "ಈಗ ಮನೆ ಎಲ್ಲಿ ಮಾರಾಯ್ರೇ?" ಎಂದು ಕೇಳುತ್ತಾರೆ. ಬದಲಾಪುರ ಎಂದರೆ ಒಂದು ಕ್ಷಣ ಸುಮ್ಮನಿದ್ದು, "ಅದು ಮುಂಬಯಿಯೇ ಅಲ್ವಾ?" ಎಂದು ಇನ್ನೊಂದು ಪ್ರಶ್ನೆ. ಹೌದು ಎಂದರೆ ಸುಳ್ಳು, ಅಲ್ಲ ಎಂದರೆ ಇನ್ನೂ ದೊಡ್ಡ ಸುಳ್ಳು. ಛತ್ರಪತಿ ಶಿವಾಜಿ ಟರ್ಮಿನಸ್ಸಿನಿಂದ 68 ಕಿಲೋಮೀಟರ್ ದೂರ, ಉಲ್ಲಾಸ ನದಿಯ ದಂಡೆ, ಅಂಬರನಾಥ ದಾಟಿದ ಮೇಲಿನ ಸ್ಟೇಷನ್ನು. ಜಿಲ್ಲೆ ಥಾಣೆ. ಆದರೆ ಬೆಳಿಗ್ಗೆ ಐದೂವರೆಗೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೋಡಿದರೆ ಊರಿಗೆ ಊರೇ ಮುಂಬಯಿಯ ಕಡೆ ಮುಖಮಾಡಿರುತ್ತದೆ. ಹಿಂದೆ ದಂಡಿನವರು ಇಲ್ಲಿ ಕುದುರೆ ಬದಲಿಸುತ್ತಿದ್ದರು, ಅದಕ್ಕೇ ಬದಲಾಪುರ ಎಂದು ಇಲ್ಲಿಯ ಹಳಬರು ಹೇಳುತ್ತಾರೆ. ನಿಜವೋ ಕಟ್ಟುಕತೆಯೋ, ಹೆಸರು ಮಾತ್ರ ಒಪ್ಪುತ್ತದೆ. ಇಲ್ಲಿ ಈಗಲೂ ಎಲ್ಲರೂ ಒಂದು ಬಂಡಿಯಿಂದ ಇನ್ನೊಂದಕ್ಕೆ ಹತ್ತುವವರೇ.

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ರೈಲ್ವೆ ಟೈಂಟೇಬಲ್ ಹಿಡಿದುಕೊಂಡೇ ಬರೆಯಬಹುದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. 1853ರಲ್ಲಿ ಬೋರಿಬಂದರದಿಂದ ಥಾಣೆಗೆ ಮೊದಲ ರೈಲು ಹೋಯಿತು, ಮರುವರ್ಷ ಕಲ್ಯಾಣ, 1856ಕ್ಕೆ ಖೋಪೋಲಿಯ ದಾರಿ. ನಮ್ಮವರು ಆಮೇಲೆ ಅದೇ ಹಳಿಯ ಗುಂಟ ಒಂದೊಂದೇ ಸ್ಟೇಷನ್ ಹಿಂದಕ್ಕೆ ಸರಿದರು. ಫೋರ್ಟಿನ ಹೋಟೆಲಿನ ಮಾಳಿಗೆ, ಪರೇಲಿನ ಚಾಳಿನ ಖೋಲಿ, ಮದುವೆಯಾದ ಮೇಲೆ ಡೊಂಬಿವಲಿ, ಮಕ್ಕಳು ದೊಡ್ಡವರಾದ ಮೇಲೆ ಇಲ್ಲಿ ಸ್ವಂತ ಎರಡು ಕೋಣೆ. ನನ್ನದೂ ಇದೇ ದಾರಿ. 1971ರಲ್ಲಿ ಹದಿನಾಲ್ಕರ ಹುಡುಗನಾಗಿ ಬಂದವನು 2006ರಲ್ಲಿ ಇಲ್ಲಿ ಮನೆ ಕೊಂಡೆ. ಈ ನಡುವಿನ ವರ್ಷಗಳಲ್ಲಿ ಹೆಚ್ಚಿನವು ಕಳೆದದ್ದು ಫೋರ್ಟಿನ ಒಂದು ಸಣ್ಣ ಕನ್ನಡ ಪ್ರೆಸ್ಸಿನಲ್ಲಿ, ಮೊಳೆ ಜೋಡಿಸುತ್ತ.

ಆದರೆ ಈ ಬರಹ ನನ್ನ ಮೊಳೆಗಳ ಕುರಿತದ್ದಲ್ಲ. ತಂಗಿಯ ಮಗನ ಕುರಿತದ್ದು. ಅವನ ಹೆಸರು ಹಾಕಬೇಡಿ ಎಂದಿದ್ದಾನೆ, ಹಾಗಾಗಿ ಅಳಿಯ ಎಂದೇ ಕರೆಯುತ್ತೇನೆ. ಸುರತ್ಕಲ್ಲಿನ ಕಡೆ ಬೆಳೆದವನು, 2012ರಲ್ಲಿ ನವಿ ಮುಂಬಯಿಯ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಬಂದ. ನಮ್ಮ ಸೊಸೈಟಿಯಲ್ಲೇ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದಾನೆ. ಬೆಳಿಗ್ಗೆ ಲೋಕಲಿನಲ್ಲಿ ಥಾಣೆ, ಅಲ್ಲಿಂದ ವಾಶಿಯ ಗಾಡಿ ಹಿಡಿದು ಐರೋಲಿ. ರಾತ್ರಿ ಎಂಟೂವರೆಗೆ ವಾಪಸು. ಊಟ ನಮ್ಮಲ್ಲಿ. ಆಮೇಲೆ ಮನುಷ್ಯ ಮಲಗಬೇಕಲ್ಲ? ಹನ್ನೊಂದಕ್ಕೆ ನೋಡಿದರೂ ಲೈಟು, ಒಂದಕ್ಕೆ ನೋಡಿದರೂ ಲೈಟು.

ಒಂದು ದಿನ ತಂಗಿ ಫೋನು ಮಾಡಿದಳು. "ಅಣ್ಣಾ, ಅವನು ರಾತ್ರಿಯೆಲ್ಲ ಏನೋ ಕೆಲಸ ಮಾಡ್ತಾನಂತೆ. ಅದಕ್ಕೆ ದುಡ್ಡು ಕೊಡುವುದಿಲ್ಲವಂತೆ. ಹಾಗೆ ಮಾಡಿಸಿಕೊಳ್ಳುವವರು ಯಾರು? ಸ್ವಲ್ಪ ವಿಚಾರಿಸು." ಅವಳ ಧ್ವನಿಯಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ಮಗ ಯಾವುದಾದರೂ ಮಠಕ್ಕೋ ಜೂಜಿಗೋ ಸಿಕ್ಕಿಬಿದ್ದನೇ ಎಂಬ ಹೆದರಿಕೆ. ಹುಡುಗಿ ನೋಡುವ ಹೊತ್ತು ಬೇರೆ.

ಕೇಳಿದೆ. "ಮಾವ, ನಾನು ವರ್ಡ್‌ಪ್ರೆಸ್ಸಿಗೆ ಕೆಲಸ ಮಾಡ್ತೇನೆ" ಅಂದ. ಹೆಸರಿನಲ್ಲಿ ಪ್ರೆಸ್ ಎಂದು ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಆಮೇಲೆ ಎಷ್ಟೋ ಭಾನುವಾರ ಅವನಿಂದ ಹೇಳಿಸಿಕೊಂಡು, ನಾನೂ ಓದಿಕೊಂಡು ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಅಂತರ್ಜಾಲದಲ್ಲಿ ಒಂದು ಪತ್ರಿಕೆಯನ್ನೋ ಅಂಗಡಿಯ ಜಾಹೀರಾತನ್ನೋ ನಾಲ್ಕು ಜನ ಓದುವ ಬರಹವನ್ನೋ ಪ್ರಕಟಿಸಬೇಕಾದರೆ ಹಿಂದೆ ಅದರ ಭಾಷೆ ಕಲಿತಿರಬೇಕಿತ್ತು. ಅದನ್ನು ತಪ್ಪಿಸಿ, ಬರೆದು ಒಂದು ಗುಂಡಿ ಒತ್ತಿದರೆ ಸಾಕು ಎಂದು ಮಾಡಿಕೊಡುವ ತಂತ್ರಾಂಶಗಳು 2000ದ ಆಸುಪಾಸಿಗೆ ಬಂದವು. ಅವುಗಳಲ್ಲಿ ಬಿ2 ಎಂಬುದೊಂದು. 2001ರಲ್ಲಿ ಅದನ್ನು ಬರೆದವನು ಮಿಶೆಲ್ ವಾಲ್ದ್ರಿಗಿ, ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದವನು. ಒಂದೆರಡು ವರ್ಷ ನಡೆಸಿದ, ಆಮೇಲೆ ಅವನ ಸದ್ದೇ ಇಲ್ಲ. ಅದನ್ನು ನೆಚ್ಚಿಕೊಂಡವರು ಕಂಗಾಲಾದರು. 2003ರ ಜನವರಿಯಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಮ್ಯಾಟ್ ಮುಲ್ಲೆನ್‌ವೆಗ್ ಎಂಬ ಹತ್ತೊಂಬತ್ತರ ವಿದ್ಯಾರ್ಥಿ, ಬಿ2 ಅನ್ನು ಹೊಸದಾಗಿ ಮುಂದುವರಿಸುವ ಮನಸ್ಸಿದೆ ಎಂದು ಬರೆದ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಮೈಕ್ ಲಿಟ್ಲ್, ನೀನು ನಿಜವಾಗಿ ಹಾಗೆ ಮಾಡುವುದಾದರೆ ನಾನೂ ಕೈಗೂಡಿಸುತ್ತೇನೆ ಎಂದು ಉತ್ತರಿಸಿದ. ಒಬ್ಬ ಹುಡುಗ, ಒಬ್ಬ ನಡುವಯಸ್ಸಿನವ. ನಡುವೆ ಅಟ್ಲಾಂಟಿಕ್ ಸಮುದ್ರ. ಅದೇ ವರ್ಷ ಮೇ 27ಕ್ಕೆ ಮೊದಲ ಆವೃತ್ತಿ ಹೊರಬಂತು. ವರ್ಡ್‌ಪ್ರೆಸ್ ಎಂಬ ಹೆಸರನ್ನು ಸೂಚಿಸಿದ್ದು ಮುಲ್ಲೆನ್‌ವೆಗ್‌ನ ಗೆಳತಿ ಕ್ರಿಸ್ಟೀನ್ ಟ್ರೆಮುಲೆ. ಮಿಶೆಲ್ ಮತ್ತೆ ಕಾಣಿಸಿಕೊಂಡು, ಬಿ2ವಿನ ಉತ್ತರಾಧಿಕಾರಿ ಇದೇ ಎಂದು ಒಪ್ಪಿಕೊಂಡ.

ಬೇರೆಯವನು ಬರೆದದ್ದನ್ನು ಇವರು ಹೇಗೆ ಎತ್ತಿಕೊಂಡರು, ಕಳ್ಳತನವಲ್ಲವೇ ಎಂದು ನಾನು ಕೇಳಿದೆ. ಅಳಿಯ ಅದಕ್ಕೆ ಒಂದು ಪ್ರಿಂಟರಿನ ಕತೆ ಹೇಳಿದ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪನಿಯ ಹೊಸ ಪ್ರಿಂಟರ್ ಬಂತು. ಅದರಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ರಿಚರ್ಡ್ ಸ್ಟಾಲ್ಮನ್ ಎಂಬವನು ಅದರ ತಂತ್ರಾಂಶ ಕೊಟ್ಟರೆ, ಕಾಗದ ಸಿಕ್ಕಿದಾಗ ಎಲ್ಲರಿಗೂ ಸೂಚನೆ ಹೋಗುವಂತೆ ತಿದ್ದಿಕೊಳ್ಳುತ್ತೇನೆ ಎಂದ. ಅದರ ಮೂಲ ಪ್ರತಿ ಇದ್ದವರು ಕೊಡಲಿಲ್ಲ. ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದೇವೆ ಎಂದರು. ಆ ಸಿಟ್ಟು ಅವನನ್ನು ಬಿಡಲಿಲ್ಲ. 1983ರಲ್ಲಿ ಅವನು ಮುಕ್ತ ತಂತ್ರಾಂಶದ ಚಳವಳಿ ಸುರು ಮಾಡಿದ, 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸ್ ಬರೆದ. ಅದರ ಸಾರ ಇಷ್ಟು: ಇದನ್ನು ಯಾರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿ ಹಂಚುವಾಗ ಇದೇ ಹಕ್ಕನ್ನು ಮುಂದಿನವನಿಗೂ ಕೊಡಬೇಕು. ಬಿ2 ಆ ಲೈಸೆನ್ಸಿನಲ್ಲಿತ್ತು. ಹಾಗಾಗಿ ಯಜಮಾನ ಬಾಗಿಲು ತೆರೆದಿಟ್ಟು ಹೊರಟುಹೋದರೂ ಮನೆ ಪಾಳುಬೀಳಲಿಲ್ಲ.

ಕಾಗದ ಸಿಕ್ಕಿಬಿದ್ದ ಮಿಷಿನ್ನಿನ ಮುಂದೆ ನಿಂತು ಶಪಿಸಿದ ಅನುಭವ ನನಗೆ ಬೇಕಾದಷ್ಟಿದೆ. ಅದರಿಂದ ಇಷ್ಟೆಲ್ಲ ಹುಟ್ಟಬಹುದು ಎಂದು ಮಾತ್ರ ಗೊತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನನ್ನ ಕಾಲಕ್ಕೆ ಹೋಗಿಬರಬೇಕು, ಇಲ್ಲವಾದರೆ ಅಳಿಯನ ಕೆಲಸ ನನಗೆ ಯಾಕೆ ತಟ್ಟಿತು ಎನ್ನುವುದು ಓದುಗರಿಗೆ ತಿಳಿಯುವುದಿಲ್ಲ. ಇಂಗ್ಲಿಷ್ ಜೋಡಿಸುವವನ ಮುಂದೆ ಇಪ್ಪತ್ತಾರು ಅಕ್ಷರಗಳ ದೊಡ್ಡದೊಂದು, ಸಣ್ಣದೊಂದು ಸೆಟ್ಟು, ಮೇಲೊಂದಿಷ್ಟು ಚಿಹ್ನೆ. ಕನ್ನಡದವನ ಮುಂದೆ ನೂರಾರು ಖಾನೆ. ಮೂಲಾಕ್ಷರ, ಕಾಗುಣಿತ, ಒತ್ತು, ಅರ್ಕಾವೊತ್ತು. ಕೈ ತಾನಾಗಿ ಖಾನೆಗೆ ಹೋಗುವಷ್ಟು ಕಲಿಯಲು ಎರಡು ವರ್ಷ ಬೇಕು. ಅಚ್ಚಾದ ಮೇಲೆ ಮೊಳೆಗಳನ್ನೆಲ್ಲ ಬಿಡಿಸಿ ಅವವುಗಳ ಖಾನೆಗೆ ಹಾಕಬೇಕು, ಅದಕ್ಕೆ ಇನ್ನೊಂದು ರಾತ್ರಿ. ಒಂದು ‘ಷ್ಟ್ರ’ ಮೊಳೆ ಕಡಿಮೆಯಾಗಿ ಮಹಾರಾಷ್ಟ್ರ ಎಂಬ ಶಬ್ದಕ್ಕೆ ಅರ್ಧ ದಿನ ಕಾದದ್ದಿದೆ. ಇರುವುದು ಮಹಾರಾಷ್ಟ್ರದಲ್ಲೇ!

ಇದೇ ಮುಂಬಯಿಯಲ್ಲಿ ಆಗ ನಮ್ಮ ಜಿಲ್ಲೆಯವರೇ ಒಬ್ಬರು ಈ ನೂರಾರು ಖಾನೆಗಳನ್ನು ಇಪ್ಪತ್ತಾರಕ್ಕೆ ಇಳಿಸುವ ಯೋಚನೆಯಲ್ಲಿದ್ದರು. ಮಂಗಳೂರು ಬಳಿಯ ಕಿನ್ನಿಕಂಬಳದ ಪದ್ಮನಾಭ ರಾವ್, ಈಗ ಎಲ್ಲರೂ ಕೆ.ಪಿ. ರಾವ್ ಎಂದು ಕರೆಯುವವರು. 1940ರ ಫೆಬ್ರವರಿ 29ರಂದು ಹುಟ್ಟಿದ ಇವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್, ಮೋನೋಟೈಪ್ ಹೀಗೆ ಕೆಲಸ ಮಾಡಿದವರು. ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸದಲ್ಲಿ ಇವರದು ಮೊದಲ ಸಾಲಿನ ಹೆಸರು. ಇವರ ಉಪಾಯ ಹೇಳಿದರೆ ಬಹಳ ಸರಳ. ಕನ್ನಡವನ್ನು ಕಣ್ಣಿಗೆ ಕಂಡಂತೆ ಜೋಡಿಸಬೇಡಿ, ಬಾಯಲ್ಲಿ ಹೇಳಿದಂತೆ ಒತ್ತಿ. ಅಕ್ಷರವನ್ನು ಕೂಡಿಸುವುದು, ಒತ್ತನ್ನು ಕೆಳಗೆ ಇಳಿಸುವುದು ಯಂತ್ರದ ತಲೆನೋವು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿ ಸಾಕು. ನಡುವಿನ ಎಫ್ ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ನಮ್ಮ ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ನಾನು ಮೊದಲು ಒತ್ತಿದ್ದು ಈ ಐದನ್ನೇ. ಎರಡು ವರ್ಷ ಕಲಿತ ವಿದ್ಯೆ ಎರಡು ವಾರದಲ್ಲಿ ಬೇಡವಾಯಿತು. ಸಂಕಟವಾಗಲಿಲ್ಲ ಎಂದರೆ ಸುಳ್ಳು.

ರಾಯರು ಮಾಡಿದ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’, ನಮ್ಮ ಕಡೆಯ ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಕೀಲಿಮಣೆಯ ವಿನ್ಯಾಸಕ್ಕೆ ಅವರು ಕಾಸು ಕೇಳಲಿಲ್ಲ, ಹಕ್ಕು ಸಾಧಿಸಲಿಲ್ಲ. ಮುಂದೆ ಕನ್ನಡ ಗಣಕ ಪರಿಷತ್ತು ಅದನ್ನೇ ತುಸು ತಿದ್ದಿ ‘ನುಡಿ’ಯಲ್ಲಿ ಅಳವಡಿಸಿತು, ಕರ್ನಾಟಕ ಸರಕಾರ ಅಧಿಕೃತ ಎಂದು ಒಪ್ಪಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಆದರೆ ತಾಲೂಕು ಕಚೇರಿಯಲ್ಲಿ ಪಹಣಿ ಟೈಪು ಮಾಡುವ ಹುಡುಗನನ್ನು, ಈ ಕೀಲಿಗಳನ್ನು ಇಲ್ಲಿ ಇಟ್ಟವರು ಯಾರು ಎಂದು ಕೇಳಿನೋಡಿ. ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೂ ಅವನ ಕೆಲಸ ನಡೆಯುತ್ತದೆ.

ಇದನ್ನು ಅಳಿಯನಿಗೆ ಹೇಳಿದಾಗ ಅವನು, "ನೋಡಿ ಮಾವ, ನಮ್ಮದೂ ಇದೇ ಜಾತಿಯ ಕೆಲಸ, ಅಷ್ಟು ದೊಡ್ಡದಲ್ಲ" ಅಂದ. ಎಷ್ಟು ದೊಡ್ಡದು ತೋರಿಸು ಎಂದೆ. ತೋರಿಸಿದ.

ಇಂಗ್ಲಿಷಿನಲ್ಲಿ ಕಾಮೆಂಟ್ ಎಂಬ ಶಬ್ದ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಓದುಗ ಬರೆದ ಪ್ರತಿಕ್ರಿಯೆಗೂ ಕಾಮೆಂಟ್, ನೀನೂ ಬರೆ ಎಂದು ಹೇಳುವ ಗುಂಡಿಯ ಮೇಲೂ ಕಾಮೆಂಟ್. ಕನ್ನಡದಲ್ಲಿ ಒಂದು ‘ಪ್ರತಿಕ್ರಿಯೆ’, ಇನ್ನೊಂದು ‘ಪ್ರತಿಕ್ರಿಯಿಸಿ’. ವರ್ಡ್‌ಪ್ರೆಸ್ಸಿನ ಪರದೆಯ ಮೇಲೆ ಕಾಣುವ ಸಾವಿರಾರು ಮಾತುಗಳನ್ನು ಆಯಾ ಭಾಷೆಯವರೇ ಬಿಡುವಿನಲ್ಲಿ ಕೂತು ಅನುವಾದಿಸುತ್ತಾರೆ. ಅನುವಾದಕನಿಗೆ ಸಿಗುವುದು ಬರೀ ಶಬ್ದ, ಅದು ಎಲ್ಲಿ ಕೂರುತ್ತದೆ ಎಂಬುದು ಕಾಣುವುದಿಲ್ಲ. ಎರಡು ಕಡೆಗೂ ಒಂದೇ ಶಬ್ದವಿದ್ದರೆ ಒಂದೇ ಅನುವಾದ ಎರಡು ಕಡೆಗೂ ಹೋಗಿ ಕೂರುತ್ತದೆ, ಒಂದು ಕಡೆ ತಪ್ಪಾಗುತ್ತದೆ. ಅದಕ್ಕೆ ಮೂಲದಲ್ಲೇ, ಇದು ನಾಮಪದ, ಅದು ಕ್ರಿಯಾಪದ ಎಂದು ಗುರುತು ಹಾಕಿಡುವ ವ್ಯವಸ್ಥೆ ಇದೆ. ಕಾಮೆಂಟಿಗೆ ಅದನ್ನು ಯಾರೋ ಹಿಂದೆಯೇ ಹಾಕಿದ್ದರು. ಇಂಥದ್ದೇ ಇನ್ನೊಂದು ಶಬ್ದಕ್ಕೆ ಹಾಕಿರಲಿಲ್ಲ. ಅಳಿಯ ಅದನ್ನು ಕಂಡು, ತೊಂದರೆ ಏನೆಂದು ಬರೆದು, ಒಂದು ಸಾಲು ತಿದ್ದಿ ಕಳಿಸಿದ. ಯಾರೋ ಪೋಲೆಂಡಿನವನು ನಮಗೂ ಇದೇ ತೊಂದರೆ ಎಂದ. ಇನ್ಯಾರೋ, ಹಾಗೆ ಬೇಡ, ಹೀಗೆ ತಿದ್ದು ಎಂದರು. ಮತ್ತೆ ಕಳಿಸಿದ. ಏಳು ತಿಂಗಳ ಮೇಲೆ ಒಪ್ಪಿಗೆಯಾಯಿತು. ಬದಲಾವಣೆಯ ದಾಖಲೆಯಲ್ಲಿ ಕೊನೆಗೆ ‘ಪ್ರಾಪ್ಸ್’ ಎಂದು ಬರೆದು ಸಹಾಯ ಮಾಡಿದವರ ಹೆಸರು ಹಾಕುತ್ತಾರೆ. ನಾಲ್ಕು ಹೆಸರಿನಲ್ಲಿ ಮೂರನೆಯದು ಇವನದು.

"ಇಷ್ಟೇನಾ?" ಎಂದೆ.

"ಇಷ್ಟೇ."

ಪ್ರೂಫಿನಲ್ಲಿ ಒಂದು ಅನುಸ್ವಾರ ತಪ್ಪಿದ್ದಕ್ಕೆ ಇಡೀ ಫಾರಂ ಬಿಚ್ಚಿಸಿದ ಮೇಷ್ಟ್ರೊಬ್ಬರ ಕೈಕೆಳಗೆ ನಾನು ಕೆಲಸ ಕಲಿತವನು. ಆ ‘ಇಷ್ಟೇ’ಯ ತೂಕ ನನಗೆ ಗೊತ್ತು, ಆದರೂ ಬಾಯಿತಪ್ಪಿ ಹಾಗೆ ಕೇಳಿದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಇಂಥ ಇಷ್ಟಿಷ್ಟೇ ಸೇರಿ ಆದದ್ದು ಆ ತಂತ್ರಾಂಶ. 2023ರ ನವೆಂಬರಿನಲ್ಲಿ ಬಂದ 6.4ನೆಯ ಆವೃತ್ತಿಯೊಂದರಲ್ಲೇ 600ಕ್ಕೂ ಹೆಚ್ಚು ಜನ ಕೈಹಾಕಿದ್ದಾರೆ. ಅಂತರ್ಜಾಲದ ತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಇದರ ಮೇಲೆ ನಡೆಯುತ್ತವೆ ಎಂದು ಲೆಕ್ಕ. ಕನ್ನಡದ ಮಟ್ಟಿಗೆ ಹೇಳುವುದಾದರೆ ಜಿ.ಎನ್. ಮೋಹನ್ ಅವರ ‘ಅವಧಿ’ ಮೊದಲು ನಡೆದದ್ದು ಇದರ ಮೇಲೆಯೇ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಸುರುಮಾಡಿದ ‘ಸಂಪದ’ ಇಂಥದ್ದೇ ಇನ್ನೊಂದರ, ದ್ರುಪಾಲ್‌ನ ಮೇಲೆ ನಡೆಯಿತು. ಎರಡಕ್ಕೂ ಲೈಸೆನ್ಸ್ ಒಂದೇ. ಅಚ್ಚಿನ ಖರ್ಚಿಲ್ಲದೆ ಕನ್ನಡದಲ್ಲಿ ಬರೆಯುವವರ ಒಂದು ತಲೆಮಾರೇ ಹೀಗೆ ಎದ್ದುಬಂತು. ಪರವೂರಿನಲ್ಲಿರುವ ನಮ್ಮಂಥವರಿಗೆ ಅದು ಎಷ್ಟು ದೊಡ್ಡದು ಎಂಬುದನ್ನು ಊರಿನಲ್ಲಿರುವವರಿಗೆ ವಿವರಿಸುವುದು ಕಷ್ಟ. ಬದಲಾಪುರದಲ್ಲಿ ಕನ್ನಡ ಪೇಪರು ಬೇಕಾದರೆ ಮೊದಲೇ ಹೇಳಿಡಬೇಕು, ಹುಡುಗ ತಂದರೆ ತಂದ.

ಎಲ್ಲವೂ ನೆಟ್ಟಗಿತ್ತು ಎಂದಲ್ಲ. ಮೊದಲ ವರ್ಷಗಳಲ್ಲಿ ಎಷ್ಟೋ ಕನ್ನಡ ತಾಣಗಳು ರಾತ್ರಿ ಬೆಳಗಾಗುವುದರೊಳಗೆ ಅರ್ಥವಿಲ್ಲದ ಗೆರೆಗಳಾಗುತ್ತಿದ್ದವು. ಎಲ್ಲಿ ನೋಡಿದರೂ ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷ್ ‘ಎ’. ಕಾರಣವನ್ನು ಅಳಿಯ ಹೇಳಿದ ಮೇಲೆ ಗೊತ್ತಾಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ, ಆದರೆ ಒಂದೊಂದು ಕನ್ನಡ ಚಿಹ್ನೆಯನ್ನು ಕೂಡಿಡಲು ಮೂರು ಬೈಟು ಬೇಕು. ಉಗ್ರಾಣ ಅದನ್ನು ಲ್ಯಾಟಿನ್ ಎಂದು ತಿಳಿದುಕೊಂಡರೆ ಮೂರನ್ನೂ ಬೇರೆ ಬೇರೆ ಅಕ್ಷರವೆಂದು ಓದುತ್ತದೆ. ಕನ್ನಡದ ಮೊದಲ ಬೈಟು ಯಾವಾಗಲೂ ಆ ಓರೆಗೆರೆಯ ‘ಎ’ಯೇ. 2007ರ 2.2ನೆಯ ಆವೃತ್ತಿಯಿಂದ ಹೊಸದಾಗಿ ಹಾಕುವವರಿಗೆ ಈ ಗೋಳು ತಪ್ಪಿತು.

ತಪ್ಪದೆ ಉಳಿದದ್ದು ಒಂದಿದೆ. ಬರಹಕ್ಕೆ ಕನ್ನಡದಲ್ಲಿ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸವನ್ನು ತಯಾರಿಸುತ್ತದೆ. ವಿಳಾಸಕ್ಕೆ 200 ಅಕ್ಷರದ ಜಾಗ. ಇಂಗ್ಲಿಷಿಗೆ ಅದು ಧಾರಾಳ. ಆದರೆ ಕನ್ನಡದ ಒಂದು ಚಿಹ್ನೆಯ ಮೂರು ಬೈಟನ್ನು ವಿಳಾಸದ ಭಾಷೆಗೆ ತಿರುಗಿಸಿದಾಗ ಒಂದೊಂದು ಬೈಟಿಗೂ ಮೂರು ಅಕ್ಷರ ಬೇಕು, ಒಟ್ಟು ಒಂಬತ್ತು. ‘ಕನ್ನಡ’ ಎಂಬ ಮೂರಕ್ಷರಕ್ಕೆ ಐದು ಚಿಹ್ನೆ, ಹಾಗಾಗಿ ನಲವತ್ತೈದು. ನನ್ನ ಒಂದು ಹಳೆಯ ಲೇಖನವನ್ನು ಅಳಿಯ ಪರೀಕ್ಷೆಗೆಂದು ಏರಿಸಿದ್ದ. ತಲೆಬರಹ ‘ಮುಂಬಯಿ ಕನ್ನಡ ರಾತ್ರಿಶಾಲೆಗಳ ಇತಿಹಾಸ’. ವಿಳಾಸದಲ್ಲಿ ಉಳಿದದ್ದು ‘ಮುಂಬಯಿ ಕನ್ನಡ ರಾತ್ರಿಶಾಲೆಗ’ ಅಷ್ಟೇ. ಇನ್ನೂರು ಮುಗಿಯಿತು, ಇತಿಹಾಸಕ್ಕೆ ಜಾಗವಿಲ್ಲ! ಇಬ್ಬರೂ ತುಂಬ ನಕ್ಕೆವು. ವಿಳಾಸವನ್ನು ಕೈಯಾರೆ ಮೊಟಕು ಮಾಡಿಕೊಳ್ಳಲು ಬರುತ್ತದೆ, ಪುಟ ತೆರೆಯುವುದಕ್ಕೆ ತೊಂದರೆಯೇನೂ ಇಲ್ಲ. ಆದರೂ ಕನ್ನಡದ ಅಳತೆಯನ್ನು ಇಂಗ್ಲಿಷಿನ ಪಟ್ಟಿಯಿಂದ ಅಳೆದದ್ದು ಎಲ್ಲಿಯಾದರೂ ಒಂದು ಕಡೆ ಹೀಗೆ ಕಾಣಿಸಿಕೊಳ್ಳುತ್ತದೆ.

ಆ ರಾತ್ರಿಶಾಲೆಯ ಮಾತು ಬಂತಲ್ಲ, ತಂಗಿಗೆ ನಾನು ಕೊಟ್ಟ ಉತ್ತರ ಅದೇ. ಹೊಟ್ಟೆಪಾಡಿಗೆ ಬಂದ ನಮ್ಮಂಥ ಹುಡುಗರು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಏಳಕ್ಕೆ ಕನ್ನಡ ಶಾಲೆಗೆ ಹೋಗುತ್ತಿದ್ದೆವು. ಅಲ್ಲಿ ಕಲಿಸಲು ಬರುತ್ತಿದ್ದವರಲ್ಲಿ ಬ್ಯಾಂಕಿನವರು, ವಕೀಲರ ಗುಮಾಸ್ತರು, ರೈಲ್ವೆಯವರು. ಸಂಬಳ ಎಂದು ಹೇಳಿಕೊಳ್ಳುವಂಥದ್ದಿಲ್ಲ. ಆಫೀಸು ಮುಗಿಸಿ ಬರುವುದು, ಒಂಬತ್ತೂವರೆಯವರೆಗೆ ಗಣಿತ, ಇಂಗ್ಲಿಷು, ಆಮೇಲೆ ಕಡೆಯ ಗಾಡಿಗೆ ಓಡುವುದು. ಅವರ ಮನೆಯವರೂ ನಿನ್ನ ಹಾಗೆಯೇ ಕೇಳಿರಬೇಕು, ಇದರಿಂದ ಏನು ಸಿಗುತ್ತದೆ ಎಂದು. ಆ ಪೈಕಿ ಒಬ್ಬರು ಕೈಹಿಡಿದು ತಿದ್ದಿಸಿದ್ದಕ್ಕೆ ನಾನು ಎಸ್ಸೆಸ್ಸಿ ದಾಟಿದೆ, ಪ್ರೆಸ್ಸು ಸೇರಿದೆ, ನಿನ್ನ ಮದುವೆಗೆ ದುಡ್ಡು ಕಳಿಸಿದೆ ಎಂದೆ. ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದು ಮಕ್ಕಳಿಗೆ ಕಲಿಸುವುದು ಅಣ್ಣಾ. ಇದು ಯಾರೋ ಅಮೆರಿಕದವನ ಕಂಪನಿಗೆ ದುಡಿಯುವುದಲ್ವಾ?" ಎಂದಳು.

ಪ್ರಶ್ನೆ ಸುಲಭದ್ದಲ್ಲ. ಅದರ ಬಿಸಿ 2024ರ ಸೆಪ್ಟೆಂಬರಿನಲ್ಲಿ ನಮ್ಮ ಮನೆಗೂ ತಾಗಿತು. ವರ್ಡ್‌ಪ್ರೆಸ್ ಆಧರಿಸಿ ಮುಲ್ಲೆನ್‌ವೆಗ್ 2005ರಲ್ಲಿ ಕಟ್ಟಿದ ಕಂಪನಿ ಆಟೋಮ್ಯಾಟಿಕ್. ಅದನ್ನೇ ಬಳಸಿ ದೊಡ್ಡ ವ್ಯಾಪಾರ ಮಾಡುವ ಇನ್ನೊಂದು ಕಂಪನಿ ಡಬ್ಲ್ಯೂಪಿ ಎಂಜಿನ್. ಇವರು ತೆಗೆದುಕೊಳ್ಳುತ್ತಾರೆ, ತಿರುಗಿ ಏನೂ ಕೊಡುವುದಿಲ್ಲ ಎಂದು ಮುಲ್ಲೆನ್‌ವೆಗ್ ಬಹಿರಂಗ ಸಭೆಯಲ್ಲೇ ಹರಿಹಾಯ್ದ. ಹೆಸರಿನ ಬಳಕೆಯ ಜಗಳವೂ ಜತೆಗೆ ಸೇರಿತು. ಎಲ್ಲರೂ ಹೊಸ ಆವೃತ್ತಿ ಇಳಿಸಿಕೊಳ್ಳುವ ತಾಣಕ್ಕೆ ಆ ಕಂಪನಿಗೆ ಪ್ರವೇಶ ನಿಂತಿತು. ಅಕ್ಟೋಬರ್ 2ಕ್ಕೆ ಅವರು ಕೋರ್ಟಿಗೆ ಹೋದರು. ಆಗಲೇ ಬಹಳ ಜನರಿಗೆ ಗೊತ್ತಾದದ್ದು, ಆ ತಾಣ ಯಾವ ಪ್ರತಿಷ್ಠಾನದ್ದೂ ಅಲ್ಲ, ಮುಲ್ಲೆನ್‌ವೆಗ್‌ನ ಸ್ವಂತದ್ದು ಎಂದು. ಲೈಸೆನ್ಸ್ ಎಲ್ಲರದು, ಬಾಗಿಲಿನ ಬೀಗದ ಕೈ ಒಬ್ಬನದು. ಕೆಲಸ ಮಾಡಲು ಒಳಗೆ ಬರುವ ಪ್ರತಿಯೊಬ್ಬನೂ, ನನಗೂ ಡಬ್ಲ್ಯೂಪಿ ಎಂಜಿನ್‌ಗೂ ಸಂಬಂಧವಿಲ್ಲ ಎಂಬ ಚೌಕಕ್ಕೆ ಗುರುತು ಹಾಕಬೇಕಾಯಿತು. ಡಿಸೆಂಬರ್ 10ರಂದು ಕೋರ್ಟು ಅದನ್ನು ತೆಗೆಯಿರಿ ಎಂದಿತು. ತೆಗೆದು ಅಲ್ಲಿ ಹಾಕಿದ್ದೇನು ಗೊತ್ತೇ? ಪಿಜ್ಜಾದ ಮೇಲೆ ಅನಾನಸು ರುಚಿ ಎಂದು ಒಪ್ಪಿಕೊಳ್ಳುವ ಚೌಕ. 2025ರ ಜನವರಿಯಲ್ಲಿ ಆಟೋಮ್ಯಾಟಿಕ್ ತಾನು ಕೊಡುತ್ತಿದ್ದ ಕೆಲಸವನ್ನು ವಾರಕ್ಕೆ 45 ಗಂಟೆಗೆ ಇಳಿಸಿತು, ಮೇ ಕೊನೆಗೆ ಮತ್ತೆ ಮೊದಲಿನ ಹಾಗೆ ಮಾಡುತ್ತೇವೆ ಎಂದಿತು.

ಮುಂಬಯಿಯ ಸಂಘಗಳಲ್ಲಿ ಐವತ್ತು ವರ್ಷ ಕಳೆದವನಿಗೆ ಇದೇನೂ ಹೊಸದಲ್ಲ. ಕಟ್ಟಿದವನಿಗೇ ಕೀಲಿ ಬಿಡಲು ಮನಸ್ಸಿಲ್ಲದೆ ಎರಡಾದ ಸಂಘಗಳು, ಒಂದೇ ಗಣಪತಿಗೆ ಎರಡು ಪೆಂಡಾಲು, ಇವನ್ನೆಲ್ಲ ನೋಡಿದ್ದೇನೆ. ಕಟ್ಟಿದವನ ಸಂಕಟವೂ ಸುಳ್ಳಲ್ಲ. ತೆಗೆದುಕೊಳ್ಳುವವರೇ ಹೆಚ್ಚಾದಾಗ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಮುಂದಿನವನನ್ನು ಯಾಕೆ ತೆಗೆದುಕೊಂಡೆ ಎಂದು ಕೇಳುವ ಹಕ್ಕನ್ನು ಆ ಲೈಸೆನ್ಸಿನಲ್ಲೇ ಬಿಟ್ಟುಕೊಟ್ಟಾಗಿದೆ. ಮಿಶೆಲ್ ಹಾಗೆ ಕೇಳಿದ್ದರೆ ವರ್ಡ್‌ಪ್ರೆಸ್ಸೇ ಇರುತ್ತಿರಲಿಲ್ಲ. ಇದನ್ನು ನಾನು ಹೇಳಿದಾಗ ಅಳಿಯ, "ಹೌದು ಮಾವ, ಆದರೆ ಈಗ ನಾನು ಯಾರಿಗೆ ಮಾಡ್ತಿದ್ದೇನೆ ಎಂದು ನನಗೇ ಗೊತ್ತಾಗ್ತಾ ಇಲ್ಲ" ಎಂದ.

ಮೂರು ತಿಂಗಳು ಮೇಲಿನ ಕೋಣೆಯಲ್ಲಿ ಹತ್ತೂವರೆಗೇ ಲೈಟು ಆರುತ್ತಿತ್ತು. ತಂಗಿಗೆ ಸಂತೋಷ. ಹುಡುಗ ಮಾತ್ರ ಊಟಕ್ಕೆ ಕೂತರೆ ಮಾತಿಲ್ಲ, ಮೊಬೈಲು ತಿಕ್ಕುತ್ತ ಕೂರುವುದು. ನನ್ನ ಹೆಂಡತಿ, "ಇದಕ್ಕಿಂತ ಅದೇ ವಾಸಿಯಿತ್ತು" ಎಂದಳು.

ಆಮೇಲೆ ಒಂದು ಭಾನುವಾರ ಲ್ಯಾಪ್‌ಟಾಪು ಹಿಡಿದುಕೊಂಡು ತಾನೇ ಕೆಳಗೆ ಬಂದ. ಕನ್ನಡ ಅನುವಾದದಲ್ಲಿ ಬಾಕಿ ಉಳಿದ ಮಾತುಗಳು ಬಹಳ ಇವೆ, ಕೂತು ನೋಡೋಣವಾ ಎಂದ. ಮನಸ್ಸು ಯಾಕೆ ಬದಲಾಯಿಸಿದ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ. ಬೆಳಗಾವಿ ಕಡೆಯ ಒಂದು ಹಳ್ಳಿಯ ಶಾಲೆಯ ಮೇಷ್ಟ್ರು ತಮ್ಮ ಶಾಲೆಯ ಪತ್ರಿಕೆಯನ್ನು ಇದರಲ್ಲಿ ಹೊರಡಿಸುತ್ತಾರಂತೆ. ಇಂಗ್ಲಿಷು ಬಾರದ ಮಕ್ಕಳೇ ಸಂಪಾದಕರು. ಅವರಿಗೆ ಒಂದು ಗುಂಡಿಯ ಅರ್ಥವಾಗಿಲ್ಲ, ಪತ್ರ ಬರೆದು ಕೇಳಿದ್ದರು.

ಈಗ ಭಾನುವಾರ ಮಧ್ಯಾಹ್ನ ನಮಗೆ ಅದೇ ಕೆಲಸ. 2026ರ ಏಪ್ರಿಲಿಗೆ ಏಷ್ಯಾದ ವರ್ಡ್‌ಪ್ರೆಸ್ ಸಮ್ಮೇಳನ ಮುಂಬಯಿಯಲ್ಲೇ ಎಂದು ಗೊತ್ತಾದಾಗ ಅವನಿಗೆ ಬಹಳ ಖುಷಿಯಾಗಿತ್ತು. ಬ್ಯಾಂಕಾಕು, ತೈಪೆ, ಮನಿಲಾ ಆದ ಮೇಲೆ ಕುರ್ಲಾಕ್ಕೆ ಲೋಕಲಿನಲ್ಲಿ ಹೋಗಿ ಮುಟ್ಟುವ ದೂರಕ್ಕೆ ಬಂತಲ್ಲ ಎಂದು. ನನಗೆ ಖುಷಿ ಕೊಡುವುದು ಶಬ್ದಗಳ ಜಗಳ. ಮೊನ್ನೆ ‘ಟ್ರ್ಯಾಶ್’ ಎಂಬುದಕ್ಕೆ ಅವನು ‘ಕಸ’ ಎಂದು ಬರೆದಿದ್ದ. ಬೇಡ ಎಂದೆ. ಬೇಡವಾದ ಬರಹವನ್ನು ಅದರೊಳಗೆ ಹಾಕಿದರೆ ಮೂವತ್ತು ದಿನ ಹಾಗೆಯೇ ಇರುತ್ತದೆ, ಬೇಕೆನಿಸಿದರೆ ತಿರುಗಿ ತೆಗೆಯಬಹುದು ಎಂದು ಅವನೇ ಹೇಳಿದ್ದ. ಮತ್ತೆ ಅದು ಕಸ ಹೇಗೆ? ನಮ್ಮ ಪ್ರೆಸ್ಸಿನಲ್ಲಿ ಮೂಗು ಮುರಿದ ಮೊಳೆಗಳನ್ನು ಹಾಕಲು ಒಂದು ತಗಡಿನ ಡಬ್ಬವಿತ್ತು. ಅದನ್ನು ಯಾರೂ ಕಸದ ಡಬ್ಬ ಎನ್ನುತ್ತಿರಲಿಲ್ಲ, ತುಂಬಿದ ಮೇಲೆ ಕರಗಿಸಿ ಮತ್ತೆ ಮೊಳೆ ಎರಕ ಹೊಯ್ಯಲು ಕಳಿಸುತ್ತಿದ್ದೆವು.

"ಹಾಗಾದರೆ ಏನು ಹಾಕುವುದು ಮಾವ?"

ಡಬ್ಬ ಎಂದೆ. ಡಬ್ಬ ಎಂದರೆ ಮಕ್ಕಳು ನಗುತ್ತಾರೆ ಎಂದ. ನಗಲಿ ಎಂದೆ. ‘ಬುಟ್ಟಿ’ ಎಂದರೆ ಹೇಗೆ ಎಂದ. ಚಹಾ ಎರಡು ಸಲ ಆಯಿತು. ಇನ್ನೂ ತೀರ್ಮಾನವಾಗಿಲ್ಲ.